‘ಅನುದಾನ ಲಭ್ಯವಿಲ್ಲ’ ಎಂದು ಹಿಂಬರಹ ಬಂದ ಮೇಲೆ

ಪ್ರಶ್ನೆ: ಮೇಡಂ, ನಮ್ಮದು ಮಂಡ್ಯ ಜಿಲ್ಲೆಯ ಒಂದು ಪೂಜಾ ಕುಣಿತದ ತಂಡ. ಪೂಜೆ (ದೇವಿಯ ಮುಖ ಕಟ್ಟಿದ ಬಿದಿರಿನ ಚೌಕಟ್ಟು) ಹೊರುವವರು, ತಮಟೆ, ನಗಾರಿಯವರು ಎಲ್ಲ ಸೇರಿ 14 ಜನ. ಸಂಘ ನೋಂದಣಿ ಮಾಡಿಸಿ ನಾಲ್ಕು ವರ್ಷ ಆಯಿತು. ಆಗಸ್ಟ್‌ನಲ್ಲಿ ನಮ್ಮ ಊರಿನ ಪುರಸಭೆಗೆ ‘ಜಾನಪದ ಕಲೆ ಉಳಿಸಲು 2 ಲಕ್ಷ ರೂಪಾಯಿ ಧನಸಹಾಯ ಕೊಡಿ’ ಎಂದು ಅರ್ಜಿ ಹಾಕಿದೆವು. ಮೂರು ತಿಂಗಳಾದ ಮೇಲೆ ‘ಅನುದಾನ ಲಭ್ಯವಿರುವುದಿಲ್ಲ’ ಎಂದು ಒಂದೇ ಸಾಲಿನ ಹಿಂಬರಹ ಬಂತು. ನಮ್ಮ ಹುಡುಗರಿಗೆ ಬೇಜಾರಾಗಿದೆ. ನಾವು ತಪ್ಪಿದ್ದು ಎಲ್ಲಿ? ಸದಸ್ಯರ ಶಿಫಾರಸು ಇದ್ದರೆ ಮಾತ್ರ ಕೆಲಸ ಆಗುತ್ತಾ? ಮತ್ತೆ ಎಲ್ಲಿ, ಹೇಗೆ ಕೇಳಬೇಕು?

ಉತ್ತರ: ಮೊದಲು ಆ ಹಿಂಬರಹದ ಬಗ್ಗೆ ಹೇಳುತ್ತೇನೆ. ನಾನು ಒಂದು ಸ್ಥಳೀಯ ಸಂಸ್ಥೆಯ ಲೆಕ್ಕಪತ್ರ ಶಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಸಂಜೆ ಹೊತ್ತು ಮೈಸೂರಿನ ಒಂದು ಹವ್ಯಾಸಿ ನಾಟಕ ತಂಡದಲ್ಲಿ ಇದ್ದವಳು. ‘ಅನುದಾನ ಲಭ್ಯವಿರುವುದಿಲ್ಲ’ ಎಂಬ ಸಾಲನ್ನು ನನ್ನ ಕೈಯಾರೆ ಎಷ್ಟೋ ಸಲ ಬರೆದಿದ್ದೇನೆ. ಅದೇ ಸಾಲನ್ನು ನಮ್ಮ ತಂಡದ ಪರವಾಗಿ ಓದಿಕೊಂಡು ಸುಮ್ಮನೆ ಮನೆಗೆ ಬಂದದ್ದೂ ಇದೆ. ಅದರ ಅರ್ಥ ‘ನಿಮ್ಮ ಕಲೆ ನಮಗೆ ಬೇಡ’ ಎಂದಲ್ಲ. ‘ಈ ವರ್ಷದ ಬಜೆಟ್‌ನಲ್ಲಿ ಇದಕ್ಕೆ ಅಂತ ದುಡ್ಡು ಎತ್ತಿಟ್ಟಿಲ್ಲ’ ಎಂದಷ್ಟೇ. ಹುಡುಗರಿಗೆ ದಯವಿಟ್ಟು ಇದನ್ನು ಹೇಳಿ.

ಪುರಸಭೆಯ ದುಡ್ಡು ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಇರುವುದಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಲೆಕ್ಕಶೀರ್ಷಿಕೆ, ಅಂದರೆ ಬಜೆಟ್‌ನಲ್ಲಿ ಅದರದೇ ಒಂದು ಸಾಲು. ಸರ್ಕಾರದಿಂದ ಬರುವ ಹಣದ ಮೇಲೆ ಮೊದಲೇ ಕೆಲಸದ ಹೆಸರು ಬರೆದಿರುತ್ತದೆ. 2021-26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ. ನಮ್ಮಂಥ ಊರುಗಳ ಪಾಲಿನಲ್ಲಿ ಶೇ 60ರಷ್ಟು ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಆ ಹಣದಲ್ಲಿ ತಮಟೆ ಕಲಾವಿದರಿಗೆ ಸಂಭಾವನೆ ಕೊಟ್ಟರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ. ಸಹಿ ಹಾಕಿದವರು ಉತ್ತರ ಕೊಡಬೇಕಾಗುತ್ತದೆ. ಕಲೆಗೆ ದುಡ್ಡು ಬರಬೇಕಾದರೆ ಅದು ಹೆಚ್ಚಾಗಿ ಸ್ವಂತ ಆದಾಯದಿಂದಲೇ ಬರಬೇಕು. ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ, ಇಂಥವು. ಸಣ್ಣ ಊರಿನಲ್ಲಿ ಈ ಆದಾಯ ಕಡಿಮೆ, ಅದರ ಮೇಲೆ ಕಣ್ಣಿಟ್ಟವರು ಜಾಸ್ತಿ.

ಹಾಗಂತ ಕೇಳುವುದಕ್ಕೆ ನಿಮಗೆ ಹಕ್ಕಿಲ್ಲ ಎಂದಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರ ಜೊತೆ ಬಂದದ್ದು 12ನೇ ಅನುಸೂಚಿ. ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳು ಅದರಲ್ಲಿವೆ. 13ನೆಯ ವಿಷಯವೇ ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಕ್ಕೆ ಸಂಬಂಧಿಸಿದ ಅಂಶಗಳಿಗೆ ಉತ್ತೇಜನ ಕೊಡುವುದು. ರಸ್ತೆ, ನೀರು, ಉದ್ಯಾನ ಇರುವ ಪಟ್ಟಿಯಲ್ಲೇ ಇದೂ ಇದೆ. ಆದರೆ ರಾಜ್ಯದ ಪುರಸಭೆ ಕಾಯ್ದೆಯಲ್ಲಿ ಕಡ್ಡಾಯ ಕೆಲಸಗಳು ಬೇರೆ, ವಿವೇಚನೆಗೆ ಬಿಟ್ಟ ಕೆಲಸಗಳು ಬೇರೆ. ಚರಂಡಿ ಶುಚಿ ಮಾಡದೆ ಇರುವಂತಿಲ್ಲ, ಕುಣಿತ ಆಡಿಸದೆ ಇರಬಹುದು. ಹಾಗಾಗಿ ಕಲೆಗೆ ದುಡ್ಡು ತಾನಾಗಿ ಬರುವುದಿಲ್ಲ. ಯಾರಾದರೂ ಬಜೆಟ್ ಬರೆಯುವ ಮೊದಲೇ ಹೋಗಿ ಕೇಳಿರಬೇಕು.

ನೀವು ತಪ್ಪಿದ ಮೊದಲ ಜಾಗ ಇದೇ. ಆಗಸ್ಟ್‌ನಲ್ಲಿ ಕೇಳಿದಿರಿ. ಏಪ್ರಿಲ್ 1ಕ್ಕೆ ಶುರುವಾಗುವ ವರ್ಷಕ್ಕೆ ಬಜೆಟ್ ಫೆಬ್ರವರಿ–ಮಾರ್ಚ್ ಹೊತ್ತಿಗೆ ಮಂಡನೆ ಆಗುತ್ತದೆ. ಅದಕ್ಕೂ ಮೊದಲು ಸಾರ್ವಜನಿಕರ ಜೊತೆ ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತಾರೆ. ಪೇಪರಿನಲ್ಲಿ ಸಣ್ಣದಾಗಿ ಪ್ರಕಟಣೆ ಬಂದಿರುತ್ತದೆ. ನಾನು ಕಂಡಂತೆ ಈ ಸಭೆಗೆ ಬರುವವರು ಬೆರಳೆಣಿಕೆಯಷ್ಟು ಜನ. ಬೀದಿ ದೀಪ, ಒಳಚರಂಡಿ, ಬೀದಿ ನಾಯಿ, ಇಷ್ಟರ ಬಗ್ಗೆ ಮಾತಾಡಿ ಎದ್ದು ಹೋಗುತ್ತಾರೆ. ಕಲಾವಿದರು ಒಬ್ಬರೂ ಇರುವುದಿಲ್ಲ. ನೀವು ನಾಲ್ಕು ಜನ ಹೋಗಿ. ಮಾತು ಎರಡೇ ನಿಮಿಷ ಸಾಕು. ‘ನಮ್ಮ ಊರಿನ ಕಲಾ ತಂಡಗಳ ಕಾರ್ಯಕ್ರಮಕ್ಕೆ ಬಜೆಟ್‌ನಲ್ಲಿ ಒಂದು ಲೆಕ್ಕಶೀರ್ಷಿಕೆ ಇಡಿ, ಮೊತ್ತ ಎಷ್ಟೇ ಇರಲಿ’ ಎಂದು ಹೇಳಿ. ಅದನ್ನೇ ಬರೆದು ತಂದ ಮನವಿಯನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ಸೀಲು ಮತ್ತು ನಂಬರ್ ಹಾಕಿಸಿದ ಪ್ರತಿಯನ್ನು ಇಟ್ಟುಕೊಳ್ಳಿ. ಕೈಗೆ ಕೊಟ್ಟ ಮನವಿಗೆ ಕಡತ ಇರುವುದಿಲ್ಲ.

‘ಮೊತ್ತ ಎಷ್ಟೇ ಇರಲಿ’ ಅಂದದ್ದು ಸುಮ್ನೆ ಅಲ್ಲ. ಶೀರ್ಷಿಕೆ ಒಂದು ಸಲ ಬಂದರೆ ಮುಂದಿನ ವರ್ಷವೂ ಆ ಸಾಲು ಬಜೆಟ್ ಪಟ್ಟಿಯಲ್ಲಿ ಉಳಿಯುತ್ತದೆ. ಮೊತ್ತ ಹೆಚ್ಚಿಸಿ ಎಂದು ಕೇಳುವುದು ಆಮೇಲೆ ಸುಲಭ. ಇಲ್ಲದ ಸಾಲನ್ನು ಹೊಸದಾಗಿ ಸೇರಿಸುವುದೇ ಕಷ್ಟ. ಚುನಾಯಿತ ಸದಸ್ಯರು ಇಲ್ಲದ ಕಾಲದಲ್ಲಿ ಆಡಳಿತಾಧಿಕಾರಿಯೇ ಬಜೆಟ್ ಒಪ್ಪುತ್ತಾರೆ. ಆಗ ಮನವಿ ಅವರಿಗೂ ಹೋಗಬೇಕು. ನಿಮ್ಮ ಪತ್ರ ನನಗೆ ಸಿಕ್ಕಿರುವುದು ಸರಿಯಾದ ಹೊತ್ತಿಗೇ. ಈಗಿನಿಂದಲೇ ಓಡಾಡಿ.

ಎರಡನೆಯದು, ನೀವು ಕೇಳಿದ ರೀತಿ. ‘ಜಾನಪದ ಕಲೆ ಉಳಿಸಲು 2 ಲಕ್ಷ’. ಇದನ್ನು ಓದಿದ ಕೇಸ್ ವರ್ಕರ್, ಅಂದರೆ ಕಡತ ನೋಡುವ ಸಿಬ್ಬಂದಿ, ಏನು ಮಾಡಬೇಕು ಹೇಳಿ. ಯಾವ ದಿನ, ಎಲ್ಲಿ, ಯಾರು ನೋಡುತ್ತಾರೆ, ದುಡ್ಡು ಯಾವುದಕ್ಕೆ, ಒಂದೂ ಅದರಲ್ಲಿಲ್ಲ. ನೀವು ದಾನ ಕೇಳುತ್ತಿಲ್ಲ. ಊರಿಗೆ ಒಂದು ಕೆಲಸ ಮಾಡಿಕೊಡುತ್ತೇವೆ, ಅದಕ್ಕೆ ಇಷ್ಟು ಖರ್ಚು ಎಂದು ಹೇಳುತ್ತಿದ್ದೀರಿ. ರಸ್ತೆ ಗುತ್ತಿಗೆದಾರರು ಅಂದಾಜು ಪಟ್ಟಿ ಇಟ್ಟುಕೊಂಡೇ ಮಾತಾಡುವುದು. ಕಲಾವಿದರು ಮಾತ್ರ ಕೈ ಮುಗಿದು ‘ಏನಾದರೂ ಕೊಡಿ ಸ್ವಾಮಿ’ ಅನ್ನುತ್ತಾರೆ. ಇದನ್ನು ನೋಡಿ ನೋಡಿ ನನಗೆ ಹೊಟ್ಟೆ ಉರಿದಿದೆ. ಬಿದಿರಿನ ಚೌಕಟ್ಟಿಗೆ ಸೀರೆ ಸುತ್ತಿ, ಅಮ್ಮನ ಹಿತ್ತಾಳೆ ಮುಖ ಕಟ್ಟಿ, ಆ ಭಾರ ಹೊತ್ತು, ಕೈ ಬಿಟ್ಟು ತಾಳಕ್ಕೆ ಕುಣಿಯುವುದು ಎಷ್ಟು ವರ್ಷದ ಅಭ್ಯಾಸ! ಅದಕ್ಕೆ ಬೆಲೆ ಕಟ್ಟಿ ಬರೆಯಲು ನಾಚಿಕೆ ಬೇಡ.

ಒಂದು ಅಂದಾಜು ಪಟ್ಟಿ ಹಾಕಿ ತೋರಿಸುತ್ತೇನೆ. ಅಂಕಿಗಳು ಲೆಕ್ಕ ಅರ್ಥವಾಗಲಿ ಎಂದು ನಾನೇ ಹಾಕಿದ್ದು, ನಿಮ್ಮ ಊರಿನ ದರಕ್ಕೆ ಬದಲಿಸಿಕೊಳ್ಳಿ. ಒಂದು ಭಾನುವಾರ ಸಂಜೆ ಊರಿನ ಪಾರ್ಕಿನಲ್ಲಿ ಎರಡು ಗಂಟೆಯ ಕಾರ್ಯಕ್ರಮ ಎಂದಿಟ್ಟುಕೊಳ್ಳಿ. 14 ಕಲಾವಿದರಿಗೆ ತಲಾ 1,500ರಂತೆ ಸಂಭಾವನೆ 21,000. ನಾಲ್ಕು ದಿನದ ಅಭ್ಯಾಸಕ್ಕೆ ದಿನಕ್ಕೆ ತಲಾ 200ರಂತೆ 11,200. ಟೆಂಪೋ ಬಾಡಿಗೆ 4,000. ಇಪ್ಪತ್ತು ಜನರ ಊಟಕ್ಕೆ 2,400. ಮೈಕು ಮತ್ತು ಲೈಟು 12,000. ಕರಪತ್ರ, ಬ್ಯಾನರ್ 3,000. ತಮಟೆ ಚರ್ಮ ಕಟ್ಟಿಸಲು, ಪೂಜೆಯ ಸೀರೆಗೆ 2,500. ಫೋಟೋ, ವಿಡಿಯೋಗೆ 2,000. ಒಟ್ಟು 58,100. ಇದರಲ್ಲಿ 8,100 ರೂಪಾಯಿ ನಾವೇ ಹಾಕುತ್ತೇವೆ, 50,000 ಕೊಡಿ ಎಂದು ಕೇಳಿ.

ನೋಡಿ, ಸಂಭಾವನೆ ಮೊದಲ ಸಾಲಿನಲ್ಲಿದೆ. ನಮ್ಮ ಕಡೆ ಪಟ್ಟಿ ಬರೆಯುವಾಗ ಪೆಂಡಾಲ್, ಹಾರ, ಶಾಲು, ಸ್ಮರಣಿಕೆ ಎಲ್ಲ ಬರೆದು, ಕೊನೆಯಲ್ಲಿ ಏನಾದರೂ ಉಳಿದರೆ ಕಲಾವಿದರಿಗೆ ಎಂದು ಬಿಡುತ್ತಾರೆ. ಪರಿಶೀಲಿಸುವವರು 10 ಸಾವಿರ ಕಡಿತ ಮಾಡಿದರೆ ಆ ಕೊನೆಯ ಸಾಲಿನಿಂದಲೇ ಹೋಗುತ್ತದೆ. ಅಭ್ಯಾಸದ ದಿನಗಳನ್ನೂ ಬರೆಯಿರಿ. ಅಭ್ಯಾಸಕ್ಕೆ ಬರಲು ಕೂಲಿ ಬಿಟ್ಟು ಬರುವವರು ನಿಮ್ಮ ತಂಡದಲ್ಲೂ ಇದ್ದಾರೆ, ಅಲ್ವಾ? ಇನ್ನೊಂದು ಮಾತು. 2,00,000 ಎಂಬ ದುಂಡು ಅಂಕಿ ನೋಡಿದ ಕೂಡಲೇ ಲೆಕ್ಕದವರಿಗೆ ಇದು ಅಂದಾಜು ಹೊಡೆದದ್ದು ಎಂದು ಗೊತ್ತಾಗುತ್ತದೆ. 58,100 ಅಂದರೆ ಯಾರೋ ಕೂತು ಕೂಡಿಸಿದ್ದಾರೆ ಎಂದು ನಂಬುತ್ತಾರೆ.

ಪಟ್ಟಿಯಲ್ಲಿ ವೇದಿಕೆ, ನೀರು, ಶುಚಿತ್ವ, ಕುರ್ಚಿ ನಾನು ಬರೆದಿಲ್ಲ. ಅವನ್ನು ಬೇರೆ ಪತ್ರದಲ್ಲಿ ಕೇಳಿ. ನಿಮಗೆ 20 ಸಾವಿರ ರೂಪಾಯಿ ಕೊಡುವುದಕ್ಕಿಂತ ಪಾರ್ಕನ್ನು ಬಾಡಿಗೆ ಇಲ್ಲದೆ ಬಿಟ್ಟುಕೊಡುವುದು, ನೀರಿನ ಟ್ಯಾಂಕರ್ ನಿಲ್ಲಿಸುವುದು, ಪೌರಕಾರ್ಮಿಕರಿಂದ ಜಾಗ ಗುಡಿಸಿಕೊಡುವುದು ಪುರಸಭೆಗೆ ಸುಲಭ. ಇದಕ್ಕೆ ಹೊಸ ಲೆಕ್ಕಶೀರ್ಷಿಕೆ ಬೇಕಿಲ್ಲ. ಯಾವ ಜಾಗ ಯಾರದ್ದು ಎಂದು ಮೊದಲೇ ತಿಳಿದುಕೊಂಡಿರಿ. ಮೈಸೂರಿನಲ್ಲಿ ಹೊಸ ತಂಡಗಳು ಇದರಲ್ಲೇ ಎಡವುತ್ತವೆ. ಪುರಭವನ ಪಾಲಿಕೆಯದು. ಕಲಾಮಂದಿರ, ಕಿರುರಂಗಮಂದಿರ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವು. ಭೂಮಿಗೀತ ರಂಗಾಯಣದ್ದು. ಪಾಲಿಕೆ ಆಯುಕ್ತರಿಗೆ ಕಲಾಮಂದಿರದ ಬಾಡಿಗೆ ಮನ್ನಾ ಮಾಡಿ ಎಂದು ಬರೆದರೆ ಅವರಾದರೂ ಏನು ಮಾಡಿಯಾರು? ಹಾಗೆಯೇ ಅರ್ಜಿ ಯಾರ ಹೆಸರಿಗೆ ಎಂಬುದೂ ಸರಿ ಇರಲಿ. ಪುರಸಭೆಯಲ್ಲಿ ಮುಖ್ಯಾಧಿಕಾರಿ, ಮಂಡ್ಯದಂಥ ನಗರಸಭೆಯಲ್ಲಿ ಪೌರಾಯುಕ್ತರು, ಮೈಸೂರಿನಂಥ ಪಾಲಿಕೆಯಲ್ಲಿ ಆಯುಕ್ತರು.

ಶಿಫಾರಸಿನ ಬಗ್ಗೆ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ. ನಿಮ್ಮ ವಾರ್ಡಿನ ಸದಸ್ಯರನ್ನು ಭೇಟಿ ಮಾಡಿ, ಅದರಲ್ಲಿ ತಪ್ಪೇನಿಲ್ಲ. ಸಾಮಾನ್ಯ ಸಭೆಯಲ್ಲಿ ವಿಷಯ ಎತ್ತುವುದು ಅವರ ಕೆಲಸ. ಆದರೆ ಅವರ ಪತ್ರ ಅಂದಾಜು ಪಟ್ಟಿಯ ಬದಲಿಗೆ ಅಲ್ಲ, ಅದರ ಜೊತೆಗೆ. ವಿಷಯ ಸಭೆಗೆ ಬಂದು ನಿರ್ಣಯ ಆಗಬೇಕು, ಅದು ನಡಾವಳಿಯಲ್ಲಿ ಬರಬೇಕು. ಬಾಯಿ ಮಾತಿನ ‘ಆಯ್ತು ಮಾಡಿಸ್ತೀನಿ’ ನಂಬಿ ಪೆಂಡಾಲ್‌ಗೆ ಅಡ್ವಾನ್ಸ್ ಕೊಡಬೇಡಿ. ಒಂದೇ ಪಕ್ಷದ ಸದಸ್ಯರ ಹಿಂದೆ ಹೋದರೆ ಮುಂದಿನ ಸಲ ನಿಮ್ಮ ತಂಡಕ್ಕೂ ಆ ಬಣ್ಣ ಅಂಟುತ್ತದೆ. ಎಲ್ಲ ಸದಸ್ಯರಿಗೂ ಒಂದೊಂದು ಪ್ರತಿ ಕೊಡಿ. ತಿಂಗಳುಗಟ್ಟಲೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ಹಿಂದಿನ ಮೂರು ವರ್ಷ ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಯಾವ ಶೀರ್ಷಿಕೆಯಲ್ಲಿ ಎಷ್ಟು ಖರ್ಚಾಗಿದೆ ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಜಗಳಕ್ಕಾಗಿ ಅಲ್ಲ. ದುಡ್ಡು ಯಾವ ಹೆಸರಿನಲ್ಲಿ ಕೂತಿದೆ ಎಂದು ಗೊತ್ತಾದರೆ ಮುಂದಿನ ಅರ್ಜಿಯಲ್ಲಿ ಅದೇ ಹೆಸರು ಬರೆಯಬಹುದು.

ಪುರಸಭೆಯೊಳಗೇ ಇನ್ನೆರಡು ಬಾಗಿಲುಗಳಿವೆ. ನಿಮ್ಮ ತಂಡದಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಕಲಾವಿದರು ಇದ್ದರೆ ಶೇ 24.10ರ ನಿಧಿ ನೆನಪಿರಲಿ. ನಗರ ಸ್ಥಳೀಯ ಸಂಸ್ಥೆಗಳು ಈ ಸಮುದಾಯಗಳ ಕಲ್ಯಾಣಕ್ಕೆ ತೆಗೆದಿಡುವ ಪಾಲು ಅದು. ಪ್ರತಿ ವರ್ಷ ಅದಕ್ಕೆ ಕ್ರಿಯಾ ಯೋಜನೆ ಮಾಡುತ್ತಾರೆ. ತಮಟೆ, ನಗಾರಿಯಂಥ ವಾದ್ಯ ಪರಿಕರ ಕೊಡಿಸುವುದನ್ನು ಆ ಯೋಜನೆಯಲ್ಲಿ ಸೇರಿಸಿ ಎಂದು ಕೇಳಿ. ಇಲ್ಲೂ ಯೋಜನೆ ಮಂಜೂರಾಗುವ ಮೊದಲೇ ಕೇಳಬೇಕು. ಎರಡನೆಯದು ಸ್ವಚ್ಛ ಭಾರತ್ ಯೋಜನೆಯಲ್ಲಿ ಜನಜಾಗೃತಿಗೆ ಇರುವ ಹಣ. ಕಚೇರಿಯಲ್ಲಿ ಐಇಸಿ ಅನ್ನುತ್ತಾರೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಹೇಳುವ ಬೀದಿ ನಾಟಕ, ಹಾಡುಗಳಿಗೆ ಕಲಾ ತಂಡಗಳನ್ನು ಕರೆಯುವುದು ಇದರಲ್ಲೇ. ಸಿಕ್ಕರೆ ಮಾಡಿ, ಗೌರವದ ಕೆಲಸ. ಆದರೆ ವರ್ಷವಿಡೀ ಅದನ್ನೇ ಮಾಡುತ್ತಾ ಕುಣಿತದ ಅಭ್ಯಾಸ ಬಿಟ್ಟ ತಂಡಗಳನ್ನು ನಾನು ಕಂಡಿದ್ದೇನೆ. ಇನ್ನು ತೆರಿಗೆ ಬಾಕಿ ಇರುವವರ ಮನೆ ಮುಂದೆ ತಮಟೆ ಬಾರಿಸಲು ಯಾರಾದರೂ ಕರೆದರೆ ಹೋಗಬೇಡಿ ಎನ್ನುವುದು ನನ್ನ ಅಭಿಪ್ರಾಯ. ದೇವಿಯ ಮುಂದೆ ನುಡಿಸುವ ವಾದ್ಯವನ್ನು ಒಬ್ಬರ ಮಾನ ಕಳೆಯಲು ನುಡಿಸಬಾರದು.

ಪುರಸಭೆಯ ಆಚೆಗೂ ಕೇಳುವ ಜಾಗಗಳಿವೆ. ನಿಮ್ಮ ಸಂಘಕ್ಕೆ ನಾಲ್ಕು ವರ್ಷ ಆಗಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ, ವಾದ್ಯ ಪರಿಕರ ಮತ್ತು ವೇಷಭೂಷಣ ಖರೀದಿಗೆ ನೆರವು ಕೊಡುತ್ತದೆ. ಅರ್ಜಿಯನ್ನು ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಹಾಕಬೇಕು. ಕೊನೆಯ ದಿನದವರೆಗೆ ಕಾಯಬೇಡಿ, ಸರ್ವರ್ ಕೈ ಕೊಡುತ್ತದೆ. ಮಂಡ್ಯದ ಜಿಲ್ಲಾ ಕಚೇರಿಗೆ ಒಮ್ಮೆ ಹೋಗಿ ನಿಮ್ಮ ತಂಡದ ಪರಿಚಯ ಮಾಡಿಕೊಂಡಿರಿ. ಜಯಂತಿ, ಉತ್ಸವಗಳ ಮೆರವಣಿಗೆಗೆ ತಂಡ ಬೇಕಾದಾಗ ಅವರಿಗೆ ನಿಮ್ಮ ನೆನಪಾಗಬೇಕು. ಮೈಸೂರು ದಸರೆಗೆ, ಶ್ರೀರಂಗಪಟ್ಟಣ ದಸರೆಗೆ ಕಲಾ ತಂಡಗಳನ್ನು ಆಯ್ಕೆ ಮಾಡುವುದು ಅವುಗಳದ್ದೇ ಸಮಿತಿಗಳು, ಅದಕ್ಕೆ ಬೇರೆಯೇ ಅರ್ಜಿ. ಬೆಂಗಳೂರಿನ ಕನ್ನಡ ಭವನದಲ್ಲಿರುವ ಜಾನಪದ ಅಕಾಡೆಮಿ, ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದ ಪ್ರಕಟಣೆಗಳ ಮೇಲೂ ಕಣ್ಣಿಡಿ. ಕೇಂದ್ರ ಸಂಸ್ಕೃತಿ ಸಚಿವಾಲಯಕ್ಕೆ ಹೋಗುವ ಮುನ್ನ ಸಂಘವನ್ನು ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ನೋಂದಾಯಿಸಿ.

ಕಾಗದಪತ್ರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆ ಅರ್ಧ ಗೊತ್ತಿದೆ. ನೋಂದಣಿ ಪ್ರಮಾಣಪತ್ರ, ಬೈಲಾ, ಸಂಘದ ಹೆಸರಿನ ಪ್ಯಾನ್ ಮತ್ತು ಬ್ಯಾಂಕ್ ಖಾತೆ, ಆಡಿಟ್ ಆದ ಲೆಕ್ಕ, ಹಿಂದಿನ ಕಾರ್ಯಕ್ರಮಗಳ ಫೋಟೋ, ಪೇಪರ್ ಕಟಿಂಗ್. ಒಂದು ಮಾತ್ರ ಒತ್ತಿ ಹೇಳಬೇಕು. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿ ಸಂಘ ಮಾಡುವುದು ಸುಲಭ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ಮಾಡಿ, ಲೆಕ್ಕ ಮತ್ತು ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸುವುದನ್ನು ಮರೆಯುತ್ತಾರೆ. ನಾಲ್ಕು ವರ್ಷದ್ದೂ ಸಲ್ಲಿಸಿದ್ದೀರಾ ನೋಡಿ. ಇಲ್ಲದಿದ್ದರೆ ಮೊದಲು ಆ ಕೆಲಸ. ತೆರಿಗೆ ವಿಷಯದಲ್ಲಿ ಒಂದು ಸಮಾಧಾನ ಇದೆ. ಜಾನಪದ ಇಲ್ಲವೇ ಶಾಸ್ತ್ರೀಯ ಸಂಗೀತ, ನೃತ್ಯ, ರಂಗ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ 1,50,000 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬಹುದು. ಪ್ಯಾನ್ ಕೊಡದಿದ್ದರೆ ಶೇ 20 ಹಿಡಿಯುತ್ತಾರೆ.

ಕೊನೆಗೆ, ಮಂಜೂರಾದ ಮೇಲಿನ ಕಷ್ಟ. ಹೆಚ್ಚಿನ ಕಡೆ ದುಡ್ಡು ಕಾರ್ಯಕ್ರಮ ಮುಗಿದು, ಬಿಲ್ಲು ಕೊಟ್ಟ ಮೇಲೆ ಬರುತ್ತದೆ. ಮೊದಲು ಹಾಕುವವರು ನೀವೇ. ಆದೇಶ ಪತ್ರ ಕೈಗೆ ಬಂದ ದಿನವೇ ‘ಮುಂಗಡ ಎಷ್ಟು, ಉಳಿದದ್ದು ಯಾವಾಗ’ ಎಂದು ಬರಹದಲ್ಲಿ ಕೇಳಿ. ಬಡ್ಡಿ ಸಾಲ ಮಾತ್ರ ತರಬೇಡಿ. ಮುಂಗಡ ಇಲ್ಲ ಅಂದರೆ ಕಾರ್ಯಕ್ರಮವನ್ನು ನಿಮ್ಮ ಕೈಯಲ್ಲಿ ಆಗುವಷ್ಟಕ್ಕೆ ಸಣ್ಣದು ಮಾಡಿ, ಆದರೆ ಸಂಭಾವನೆಯ ಸಾಲು ಮುಟ್ಟಬೇಡಿ.

ನಮ್ಮ ತಂಡಕ್ಕೆ ಒಮ್ಮೆ ಒಂದು ಸಂಸ್ಥೆಯಿಂದ ಎರಡು ಕಂತಿನ ಸಹಾಯ ಮಂಜೂರಾಗಿತ್ತು. ನಾಟಕ ಚೆನ್ನಾಗಿ ಆಯಿತು. ಲೈಟಿನವರು, ವೇಷಭೂಷಣದವರು ಬಿಳಿ ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕವನ್ನೇ ನಾವು ಲಗತ್ತಿಸಿದೆವು. ಲೆಕ್ಕದ ಕೆಲಸ ಮಾಡುವ ನಾನೇ, ನಮ್ಮವರೇ ತಾನೇ ಎಂದು ಅದನ್ನು ಬಿಟ್ಟುಬಿಟ್ಟೆ. ರಸೀದಿ ಸರಿ ಇಲ್ಲ ಎಂದು ಎರಡನೇ ಕಂತು ಬರಲೇ ಇಲ್ಲ. ವೇಷಭೂಷಣದವರ ಬಾಕಿಯನ್ನು ಎರಡು ವರ್ಷ ಸ್ವಲ್ಪ ಸ್ವಲ್ಪವಾಗಿ ತೀರಿಸಿದೆವು. ಅವರು ಒಂದು ದಿನವೂ ಜೋರು ಮಾಡಲಿಲ್ಲ. ಅದೇ ನನಗೆ ಇವತ್ತಿಗೂ ನೋವು.

ಹಾಗಾಗಿ ನೀವು ಒಂದು ಬೌಂಡ್ ಪುಸ್ತಕ ತನ್ನಿ. ತಮಟೆ ಚರ್ಮ ಕಟ್ಟುವವರು, ಟೆಂಪೋ ಡ್ರೈವರ್ ಇವರ ಹತ್ತಿರ ಬಿಲ್ ಪುಸ್ತಕ ಇರುವುದಿಲ್ಲ. ಅವರಿಗೆ ನೀವೇ ವೋಚರ್ ಬರೆದು, ಹೆಸರು, ಊರು, ಫೋನ್ ನಂಬರ್, ಕೆಲಸ, ಮೊತ್ತ ಹಾಕಿ ಸಹಿ ಮಾಡಿಸಿ. 5,000 ರೂಪಾಯಿ ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ. ಕಲಾವಿದರ ಸಂಭಾವನೆ ಅವರವರ ಬ್ಯಾಂಕ್ ಖಾತೆಗೇ ಹೋಗಲಿ. ಅದಕ್ಕೆ 14 ಜನರ ಪಾಸ್‌ಬುಕ್ ಜೆರಾಕ್ಸ್ ಈಗಲೇ ತೆಗೆದಿಡಿ. ಕಾರ್ಯಕ್ರಮ ಆದ ವಾರದೊಳಗೆ ಖರ್ಚಿನ ಪಟ್ಟಿ, ವೋಚರ್, ಫೋಟೋ, ಹಣ ಬಳಕೆ ಪ್ರಮಾಣಪತ್ರ ಸೇರಿಸಿ ಕೊಡಿ. ಇದಕ್ಕೂ ಟಪಾಲು ಶಾಖೆಯ ಸೀಲು ಹಾಕಿಸಿಕೊಳ್ಳಿ. ಆ ಕಡತದ ಇನ್ನೊಂದು ಪ್ರತಿ ನಿಮ್ಮ ಮನೆಯಲ್ಲಿರಲಿ. ಮುಂದಿನ ಬಜೆಟ್ ಪೂರ್ವಭಾವಿ ಸಭೆಗೆ ಹೋಗುವಾಗ ಅದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ.